ನಿಮಿಷಕ್ಕೆ ಇಪ್ಪತ್ತಾರು

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಂದು ಕೂತ ದಿನದಿಂದ ಆ ಮನೆಯಲ್ಲಿ ಯಾರಿಗೂ ನೆಟ್ಟಗೆ ಊಟ ದಕ್ಕಲಿಲ್ಲ. ಅನ್ನದ ಪಾತ್ರೆ ಇಡಬೇಕೆಂದರೆ ಮೊದಲು ಕಪ್ಪೆಯ ಅಪ್ಪಣೆ ಕೇಳಬೇಕು. ಕಪ್ಪೆ ಎಂದರೆ ಮಕ್ಕಳಿಗೆ ಟೈಪಿಂಗ್ ಕಲಿಸುವ ಒಂದು ಸಾಫ್ಟ್‌ವೇರು. ಸರಿಯಾದ ಅಕ್ಷರ ಒತ್ತಿದರೆ ಪರದೆಯ ಮೇಲಿನ ಹಸಿರು ಕಪ್ಪೆ ಒಂದು ಎಲೆಯಿಂದ ಇನ್ನೊಂದು ಎಲೆಗೆ ಹಾರುತ್ತದೆ, ತಪ್ಪು ಒತ್ತಿದರೆ ಬುಳಕ್ ಎಂದು ನೀರಿಗೆ ಬೀಳುತ್ತದೆ. ಇನ್ನೂ ಎರಡಿದ್ದವು. ಒಂದರಲ್ಲಿ ಕಾರು ಓಡುತ್ತಿತ್ತು, ಇನ್ನೊಂದರಲ್ಲಿ ಏನೂ ಓಡುತ್ತಿರಲಿಲ್ಲ, ಬರೀ ಅಕ್ಷರಗಳು.

ತಂದವಳು ಸೊಸೆ. ಅವಳು ಪ್ರಾಥಮಿಕ ಶಾಲೆಯಲ್ಲಿ ಕಂಪ್ಯೂಟರ್ ಟೀಚರು, ಐದು ವರ್ಷದಿಂದ ಹಂಗಾಮಿ. ಪ್ರತಿ ಸಲ ದೊಡ್ಡ ರಜೆಗೆ ಮುಂಚೆ ‘ಮುಂದಿನ ವರ್ಷ ನೋಡೋಣ’ ಎಂಬ ಮಾತು ಕೇಳಿಕೊಂಡು ಮನೆಗೆ ಬರುವುದು ಅವಳ ಹಣೆಬರಹವಾಗಿತ್ತು. ಈ ಸಲ ಹೆಡ್‌ಮಿಸ್ ಅವಳನ್ನು ಕರೆದು ಕೂರಿಸಿ, ಮೂರರಿಂದ ಐದನೇ ತರಗತಿಯ ನಾನೂರು ಮಕ್ಕಳಿಗೆ ಟೈಪಿಂಗ್ ಕಲಿಸಬೇಕು, ಈ ಮೂರರಲ್ಲಿ ಯಾವುದು ಸರಿ ಎಂದು ತಿಂಗಳೊಳಗೆ ನೋಡಿ ಹೇಳಿ, ವರದಿ ಶಾಲೆಯ ಆಡಳಿತ ಸಭೆಗೆ ಹೋಗುತ್ತದೆ, ಅದು ಚೆನ್ನಾಗಿ ಬಂದರೆ ನಿಮ್ಮನ್ನು ಕಾಯಂ ಮಾಡುವ ಕಾಗದವನ್ನೂ ಅದೇ ಸಭೆಯ ಮುಂದೆ ಇಡುತ್ತೇನೆ ಎಂದಿದ್ದರು. ಶಾಲೆಯ ಹಳೆಯ ಕಂಪ್ಯೂಟರುಗಳು ಲಾರಿ ಹತ್ತಿ ಹೋಗಿದ್ದವು, ಹೊಸವು ಬರುವುದು ಸಭೆಯಾದ ಮೇಲೆ. ಪರೀಕ್ಷೆ ಮಾಡಲು ಮಕ್ಕಳನ್ನು ಎಲ್ಲಿಂದ ತರುವುದು? ಮನೆಯಲ್ಲೇ ಒಂದಿತ್ತು. ಒಂಬತ್ತು ವರ್ಷದ ಮಗಳು, ಅದೇ ಶಾಲೆ, ನಾಲ್ಕನೇ ತರಗತಿ. ತೆಳ್ಳಗೆ ಉದ್ದಕ್ಕೆ ಇದ್ದಾಳೆಂದು ಮನೆಯವರೆಲ್ಲ ಅವಳನ್ನು ಕಡ್ಡಿ ಎನ್ನುತ್ತಿದ್ದರು.

ಮೊದಲ ವಾರ ಮೂರನ್ನೂ ನೋಡಿದ್ದಾಯಿತು. ಕಾರಿನ ವೇಗಕ್ಕೆ ಕಡ್ಡಿಯ ಬೆರಳು ಓಡಲಿಲ್ಲ, ಬರೀ ಅಕ್ಷರದ್ದಕ್ಕೆ ಎರಡೇ ನಿಮಿಷಕ್ಕೆ ಆಕಳಿಕೆ ಬಂತು. ಕಪ್ಪೆಯ ಮುಂದೆ ಮಾತ್ರ ಕೂತಳು. ಶನಿವಾರ ಸೊಸೆ ಗಡಿಯಾರ ಹಿಡಿದು ಪರೀಕ್ಷೆ ಮಾಡಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆದಳು: ನಿಮಿಷಕ್ಕೆ ಏಳು ಪದ.

ಇದನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಅಜ್ಜಿ, ಸೊಸೆಯ ಅತ್ತೆ. ನೋಡುತ್ತಾ ಸುಮ್ಮನಿರುವುದು ಅವಳ ಜಾಯಮಾನವಲ್ಲ. ನೋಂದಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪ್ ಮಾಡಿದ ಕೈ ಅವಳದು. ಅಲ್ಲಿನ ಪತ್ರಗಳಲ್ಲಿ ಒಂದು ಅಕ್ಷರ ತಪ್ಪಿದರೂ ಒರೆಸುವ ಹಾಗಿಲ್ಲ, ಇಡೀ ಹಾಳೆ ಹರಿದು ಮೊದಲಿಂದ ಹೊಡೆಯಬೇಕು. ಅಂಥವಳ ಕಣ್ಣೆದುರು ಮೊಮ್ಮಗಳು ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದರೆ ತಡೆಯುವುದು ಹೇಗೆ?

“ಇದೇನೇ ಇದು, ಕೋಳಿ ಕಾಳು ಹೆಕ್ಕಿದ ಹಾಗೆ!” ಎಂದವಳೇ ಕೈಯಲ್ಲಿದ್ದ ಸೌಟಿನಿಂದ ಆ ಬೆರಳ ಮೇಲೆ ಒಂದು ಕೊಟ್ಟಳು.

ಕಡ್ಡಿ ಗೊಳೋ ಎಂದಳು. ಸೊಸೆ ಬಟ್ಟೆ ಮಡಚುವುದನ್ನು ಬಿಟ್ಟು ಓಡಿಬಂದಳು.

“ಅತ್ತೆ, ಮಗೂಗೆ ಹೊಡೆದ್ರಾ?”

“ಹೊಡೀಲಿಲ್ಲ, ಮುಟ್ಟಿದೆ.”

“ಸೌಟಲ್ಲಿ ಮುಟ್ಟಿದ್ರಿ! ಹೀಗೆ ಹೊಡೆದು ಬಡಿದು ಕಲಿಸೋ ಹಾಗಿದ್ರೆ ಇದೆಲ್ಲ ಯಾಕೆ ಬೇಕಿತ್ತು?”

“ಆ ಪರದೆಯಲ್ಲಿ ಕೈ ಚಿತ್ರ ಬರತ್ತೆ, ಇವಳು ತನ್ನ ಕೈ ನೋಡ್ತಾಳೆ. ಕೈ ನೋಡಿಕೊಂಡು ಟೈಪ್ ಕಲಿತೋರು ಪ್ರಪಂಚದಲ್ಲಿ ಯಾರೂ ಇಲ್ಲ ಕಣಮ್ಮ.”

“ನೀವು ನಿಮ್ಮ ಕಾಲದ ಮಾತು ಆಡ್ತಿದ್ದೀರಿ. ದಯವಿಟ್ಟು ಇದರಲ್ಲಿ ಮಾತ್ರ ತಲೆ ಹಾಕಬೇಡಿ. ನನ್ನ ಕೆಲಸದ ಪ್ರಶ್ನೆ ಇದು.”

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದ ಅಜ್ಜಿಯ ಮಗ ಆಗ ತಾನೇ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ. “ಕಡ್ಡೀನ ಗುಡ್ಡ ಮಾಡಬೇಡ್ರಪ್ಪ” ಎಂದು ತಮಾಷೆ ಮಾಡಲು ಹೋಗಿ ಇಬ್ಬರಿಂದಲೂ ಬೈಸಿಕೊಂಡ.

“ಸರಿ ಬಿಡು” ಎಂದಳು ಅಜ್ಜಿ. “ಇನ್ನು ಆ ಮೇಜಿನ ಹತ್ತಿರ ಸುಳಿದರೆ ಕೇಳು.” ಎರಡು ದಿನ ಮುಖ ಗಂಟಿಕ್ಕಿಕೊಂಡು, ತಟ್ಟೆ ಹಿಡಿದು ಅಡುಗೆಮನೆಯಲ್ಲೇ ನಿಂತು ಉಂಡಳು.

ಮೂರನೆಯ ದಿನ ಮಧ್ಯಾಹ್ನ ಕಡ್ಡಿ ತಾನಾಗಿ ಬಂದಳು. ಅವಳು ಶಾಲೆಯಿಂದ ಬರುವುದು ಮೂರೂವರೆಗೆ, ಅಮ್ಮ ಬರುವುದು ಐದೂವರೆಗೆ. ನಡುವಿನ ಎರಡು ಗಂಟೆ ಮನೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ಅಜ್ಜಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು.

“ಅಜ್ಜಿ, ಕಪ್ಪೆ ಕಿರುಬೆರಳಲ್ಲಿ ಒತ್ತು ಅನ್ನತ್ತೆ. ನನ್ನ ಕಿರುಬೆರಳು ಅಲ್ಲಿಗೆ ಹೋಗೋದೇ ಇಲ್ಲ.”

“ನಿಮ್ಮಮ್ಮನ್ನ ಕೇಳು. ನಾನು ಹಳೇ ಕಾಲದೋಳು.”

“ಅಮ್ಮ ನಿನ್ನೆ ಬಟ್ಟೆ ಒಗೀತಾ ಅಳ್ತಿದ್ಲು. ಈ ಸಲಾನೂ ಆಗದಿದ್ರೆ ಕೆಲಸ ಬಿಟ್ಟುಬಿಡ್ತೀನಿ ಅಂತ ಅಪ್ಪಂಗೆ ಹೇಳಿದ್ಲು.” ಕಡ್ಡಿ ಒಂದು ಹುರುಳಿಕಾಯಿ ತೆಗೆದುಕೊಂಡು ಮುರಿದಳು. “ಶನಿವಾರ ಏಳಕ್ಕಿಂತ ಜಾಸ್ತಿ ಬರಬೇಕು ಅಜ್ಜಿ.”

ಅಜ್ಜಿ ಹುರುಳಿಕಾಯಿಯ ಬುಟ್ಟಿ ಪಕ್ಕಕ್ಕೆ ಸರಿಸಿದಳು. ಸೊಸೆಯ ಮೇಲೆ ಸಿಟ್ಟಿತ್ತು ನಿಜ, ಆದರೆ ಅವಳು ಅತ್ತದ್ದು ಕೇಳಿ ಖುಷಿ ಪಡುವಷ್ಟು ಕೆಟ್ಟವಳಲ್ಲ. ಅಷ್ಟೇ ಅಲ್ಲ, ಸುಳ್ಳು ಯಾಕೆ ಹೇಳಬೇಕು, ಕೈ ತುರಿಸುತ್ತಿತ್ತು. ಮೇಜಿನ ಹತ್ತಿರ ಸುಳಿಯುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಸುಳಿಯಲಿಲ್ಲ. ಹೋದ ತಿಂಗಳ ಕ್ಯಾಲೆಂಡರ್ ಹಾಳೆ ತಿರುಗಿಸಿ, ನೆಲದ ಮೇಲೆ ಹರಡಿ, ಸ್ಕೇಲಿಟ್ಟು ಚೌಕ ಚೌಕ ಎಳೆದು ಇಡೀ ಕೀಬೋರ್ಡನ್ನು ಬರೆದಳು. ನೋಡದೆ ಬರೆದಳು.

“ಇಲ್ಲಿ ನಾಲ್ಕು, ಅಲ್ಲಿ ನಾಲ್ಕು. ಇದು ಬೆರಳುಗಳ ಮನೆ. ಎಲ್ಲಿಗೆ ಹೋದರೂ ತಿರುಗಿ ಮನೆಗೆ ಬರಬೇಕು. ಹೇಳ್ತಾ ಒತ್ತು. ಎ, ಎಸ್, ಡಿ, ಎಫ್.”

ಎರಡು ದಿನವಾದ ಮೇಲೆ ಆ ಪುಟ್ಟ ಕೈಗಳ ಮೇಲೆ ಪಾತ್ರೆ ಒರೆಸುವ ಬಟ್ಟೆ ಹಾಸಿದಳು. “ಇನ್ನು ಕಣ್ಣಿಗೆ ರಜ, ಬೆರಳಿಗೆ ಕೆಲಸ.” ಕಡ್ಡಿ ಮೊದಲು ನಕ್ಕಳು, ಆಮೇಲೆ ತೊಡರಿದಳು, ಆಮೇಲೆ ನಾಲಿಗೆ ಕಚ್ಚಿಕೊಂಡು ಒತ್ತತೊಡಗಿದಳು. ಮಗು ಚುರುಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅಜ್ಜಿ ಒಳಗೊಳಗೇ ಬೀಗಿದಳು. ಐದಕ್ಕೆ ಸರಿಯಾಗಿ ಕ್ಯಾಲೆಂಡರ್ ಹಾಳೆ ಅಕ್ಕಿ ಡಬ್ಬದ ಹಿಂದೆ ಹೋಗುತ್ತಿತ್ತು, ಕಡ್ಡಿ ಕಪ್ಪೆಯ ಮುಂದೆ ಕೂರುತ್ತಿದ್ದಳು.

“ಅಮ್ಮ ಕೇಳಿದ್ರೆ ಏನು ಹೇಳ್ಲಿ?” ಎಂದು ಕಡ್ಡಿ ಒಂದು ದಿನ ಕೇಳಿದಳು.

“ಅಜ್ಜಿ ಏನೂ ಹೇಳಿಕೊಟ್ಟಿಲ್ಲ ಅನ್ನು.”

“ಸುಳ್ಳಲ್ವಾ?”

“ಮನೇಲಿ ಜಗಳ ಆಗದ ಹಾಗೆ ನೋಡ್ಕೊಳ್ಳೋದು ಸುಳ್ಳಲ್ಲ. ಎಲ್ಲಿ, ಹೇಳು ನೋಡೋಣ.”

ಕಡ್ಡಿ ಹೇಳಿ ಕಿಸಕ್ಕನೆ ನಕ್ಕಳು.

“ನಗಬಾರದು. ನಕ್ಕರೆ ಗೊತ್ತಾಗಿಬಿಡತ್ತೆ. ನೆಲ ನೋಡಬಾರದು, ಕಣ್ಣು ನೋಡಿ ಹೇಳು.”

ಮೂರನೆಯ ಸಲಕ್ಕೆ ಸರಿಯಾಗಿ ಬಂತು.

ಫ್ರಿಜ್ಜಿನ ಮೇಲಿನ ಹಾಳೆ ವಾರ ವಾರ ಏರಿತು. ಏಳು, ಹನ್ನೊಂದು, ಹದಿನೆಂಟು. ಮನೆಯ ಗಾಳಿಯೇ ಬದಲಾಯಿತು. ಸೊಸೆ ಸಂಜೆ ಬಂದವಳೇ ತಾನೇ ಚಹಾ ಮಾಡಿ ಅತ್ತೆಗೂ ಒಂದು ಲೋಟ ತಂದುಕೊಡತೊಡಗಿದಳು. ಬೆಳಗಿನ ಬ್ರೆಡ್ಡಿನ ಜೊತೆ ಎಲ್ಲರಿಗೂ ಎರಡೆರಡು ಮೊಟ್ಟೆ ಬಂತು. ಒಂದು ದಿನ ಪಾತ್ರೆ ತೊಳೆಯುತ್ತಾ, “ಅತ್ತೆ, ಅವತ್ತು ನಾನು ಜೋರಾಗಿ ಮಾತಾಡಿದೆ, ಮನಸ್ಸಲ್ಲಿ ಇಟ್ಕೋಬೇಡಿ. ನೀವು ದೂರ ಉಳಿದಿದ್ದು ದೊಡ್ಡ ಉಪಕಾರ ಆಯ್ತು” ಎಂದಳು. ಅಜ್ಜಿ ಒರೆಸುತ್ತಿದ್ದ ತಟ್ಟೆಯನ್ನೇ ಮತ್ತೆ ಒರೆಸಿದಳು.

ನಾಲ್ಕನೆಯ ಶನಿವಾರ ಇಪ್ಪತ್ತಾರು ಬಂತು. ಸೊಸೆ ಮಗಳನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು.

ಮಂಗಳವಾರ ಸಂಜೆ ಊಟದ ಹೊತ್ತಿಗೆ ವರದಿ ಸಿದ್ಧವಾಗಿತ್ತು. ಶುಕ್ರವಾರ ಸಭೆ. ಸೊಸೆ ಅನ್ನ ಕಲಸಿದ ಕೈ ಹಾಗೇ ಬಿಟ್ಟು ಎಡಗೈಯಲ್ಲಿ ಹಾಳೆ ಹಿಡಿದು ಓದಿದಳು.

“‘ಕಪ್ಪೆಯ ಸಾಫ್ಟ್‌ವೇರ್ ಬಳಸಿದ ವಿದ್ಯಾರ್ಥಿನಿಯ ವೇಗ ಮೂರು ವಾರದಲ್ಲಿ ನಿಮಿಷಕ್ಕೆ ಏಳು ಪದದಿಂದ ಇಪ್ಪತ್ತಾರಕ್ಕೆ ಏರಿದೆ. ಶಿಕ್ಷಕರ ಅಥವಾ ಪೋಷಕರ ಯಾವುದೇ ನೆರವಿಲ್ಲದೆ ಈ ಪ್ರಗತಿ ಸಾಧ್ಯವಾಗಿದೆ. ಆದ್ದರಿಂದ ನಾನೂರು ಮಕ್ಕಳಿಗೂ ಇದನ್ನೇ ಕೊಳ್ಳಬಹುದೆಂದು ಶಿಫಾರಸು ಮಾಡುತ್ತೇನೆ.’ ಹೇಗಿದೆ?”

“ಭೇಷ್!” ಎಂದ ಮಗ.

ಅಜ್ಜಿ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಫ್ರಿಜ್ಜಿನ ಮೇಲಿನ ಅಂಕಿ ಮನೆಯ ಸಂತೋಷಕ್ಕೆ ಎಂದುಕೊಂಡಿದ್ದಳು; ಅದೇ ಹೋಗಿ ನಾನೂರು ಮಕ್ಕಳ ಲೆಕ್ಕವಾಗುತ್ತದೆ ಎಂಬುದು ಅವಳ ತಲೆಗೇ ಹೊಳೆದಿರಲಿಲ್ಲ. “ವರದಿಗೆ ಬೇರೆ ಮಕ್ಕಳದ್ದೂ ಇರಬೇಕಲ್ವೇನಮ್ಮ?” ಎಂದು ಮೆಲ್ಲಗೆ ಕೇಳಿದಳು.

“ಎಲ್ಲಿಂದ ತರ್ಲಿ ಅತ್ತೆ? ಇಪ್ಪತ್ತಾರು ಕಣ್ಣಿಗೆ ಕಾಣಿಸ್ತಿದೆಯಲ್ಲ. ಶುಕ್ರವಾರ ಇವಳನ್ನೇ ಕರ್ಕೊಂಡು ಹೋಗಿ ಎಲ್ಲರ ಮುಂದೆ ಮಾಡಿಸ್ತೀನಿ. ಹೆಡ್‌ಮಿಸ್ ಹೇಳಿದ್ದಾರೆ.”

ಕಡ್ಡಿ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುದಿನ ಅಜ್ಜಿ ಮಗನ ಡಬ್ಬಿಯನ್ನು ತಾನೇ ಹಿಡಿದುಕೊಂಡು ಅಂಗಡಿಗೆ ಹೋದಳು. ಮಗ ಗಾಜು ಉಜ್ಜುವ ಯಂತ್ರ ನಿಲ್ಲಿಸಿ, ಪುಡಿ ಮೆತ್ತಿದ ಕೈ ಒರೆಸಿಕೊಂಡು ಎಲ್ಲವನ್ನೂ ಕೇಳಿದ. ಕೇಳಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

“ಅಮ್ಮಾ, ಏನು ಮಾಡಿಟ್ಟೆ ನೀನು!”

“ಮಗು ಬಂದು ಕೇಳಿತು ಕಣೋ.”

“ಸರಿ, ಆಗಿದ್ದು ಆಗಿಹೋಯ್ತು. ಶುಕ್ರವಾರ ಕಳೀಲಿ, ಅವಳ ಕಾಯಂ ಕಾಗದ ಕೈಗೆ ಬರ್ಲಿ. ಅಲ್ಲೀತನಕ ಬಾಯಿಗೆ ಬೀಗ ಹಾಕ್ಕೊಂಡಿರು.”

“ಆಮೇಲೆ? ನಾನೂರು ಮಕ್ಕಳು ವರ್ಷವಿಡೀ ಕೂತು ಏಳರಲ್ಲೇ ಇದ್ದರೆ ಆ ಹೆಡ್‌ಮಿಸ್ ಯಾರ ಕುತ್ತಿಗೆ ಹಿಡೀತಾಳೆ? ಕಪ್ಪೇದಾ, ನಿನ್ನ ಹೆಂಡತೀದಾ?”

“ಕಪ್ಪೇನೂ ಸ್ವಲ್ಪ ಕಲಿಸಿರಬಹುದಲ್ಲ.”

“ಏನು ಕಲಿಸತ್ತೆ! ನಿನ್ನ ಮಗಳು ಅದನ್ನ ಬೇಕಂತಲೇ ನೀರಿಗೆ ಬೀಳಿಸ್ತಾಳೆ, ಬುಳಕ್ ಅನ್ನೋದು ಕೇಳೋಕೆ. ನಾನು ಕಣ್ಣಾರೆ ನೋಡಿದೀನಿ.”

ಮಗನಿಗೆ ನಗು ಬಂತು, ತಡೆದುಕೊಂಡ. ಗಿರಾಕಿಯೊಬ್ಬರು ಬಂದರು. “ಅಮ್ಮ, ನಿನ್ನ ಕಾಲಿಗೆ ಬೀಳ್ತೀನಿ, ಸುಮ್ಮನಿರು” ಎಂದು ಯಂತ್ರದ ಕಡೆ ತಿರುಗಿದ.

ಗುರುವಾರವಿಡೀ ಅಜ್ಜಿ ಕೆಂಡದ ಮೇಲೆ ಕೂತ ಹಾಗೆ ಇದ್ದಳು. ಆಲೂಗಡ್ಡೆ ಬೇಯಲು ಇಟ್ಟು ಮರೆತು ತಳ ಹತ್ತಿಸಿದಳು. ಹೇಳಿದರೆ ಸೊಸೆಯ ಐದು ವರ್ಷದ ಆಸೆಗೆ ಕಲ್ಲು. ಹೇಳದಿದ್ದರೆ ಮುಂದೊಂದು ದಿನ ಅದೇ ಕಲ್ಲು ಇನ್ನೂ ದೊಡ್ಡದಾಗಿ ಅವಳ ತಲೆಯ ಮೇಲೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಧ್ಯಾಹ್ನ ಕಡ್ಡಿ ಬಂದು ಕ್ಯಾಲೆಂಡರ್ ಹಾಳೆ ಕೇಳಿದಾಗ, “ಒಲೆಗೆ ಹಾಕಿದೆ” ಎಂದಳು. ನಿಜಕ್ಕೂ ಹಾಕಿದ್ದಳು.

ಶುಕ್ರವಾರ ಬೆಳಿಗ್ಗೆ ಸೊಸೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ನಿಂತುಕೊಂಡೇ ಬ್ರೆಡ್ ತಿನ್ನುತ್ತಿದ್ದಳು. ಕಡ್ಡಿಯ ಜಡೆ ಹಾಕಿ ಮುಗಿದಿತ್ತು. ಮಗ ಅಂಗಡಿಗೆ ಹೊರಟಾಗಿತ್ತು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

“ಒಂದು ಮಾತು ಹೇಳಬೇಕು ಕಣಮ್ಮ. ಆ ವರದಿ ಕೊಡಬೇಡ.”

“ಏನಂದ್ರಿ?”

“ಇಪ್ಪತ್ತಾರು ಕಪ್ಪೇದಲ್ಲ. ನಾನು ಹೇಳಿಕೊಟ್ಟಿದ್ದು. ದಿನಾ ಮಧ್ಯಾಹ್ನ, ನೀನು ಬರೋ ಮುಂಚೆ.”

ಸೊಸೆ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟಳು. ಅವಳ ಮುಖದಲ್ಲಿ ಬಂದದ್ದು ಗಾಬರಿಯಲ್ಲ, ನಗು. ಅಂಥ ನಗುವನ್ನು ಅಜ್ಜಿ ಅವಳ ಮುಖದಲ್ಲಿ ಎಂದೂ ಕಂಡಿರಲಿಲ್ಲ.

“ಇದೊಂದು ಬಾಕಿ ಇತ್ತು. ಇವತ್ತೇ, ಇಷ್ಟು ಹೊತ್ತಿಗೇ ಹೇಳಬೇಕಿತ್ತಾ ಅತ್ತೆ? ಈ ಮನೇಲಿ ಏನು ಒಳ್ಳೇದಾದ್ರೂ ಅದು ನಿಮ್ಮಿಂದಾನೇ ಆಗಿರಬೇಕು. ಮಗು ನಡೆದಿದ್ದು ನಿಮ್ಮಿಂದ, ಮಾತಾಡಿದ್ದು ನಿಮ್ಮಿಂದ. ನನ್ನದು ಅಂತ ಒಂದೇ ಒಂದು ಇತ್ತು, ಅದಕ್ಕೂ ಕೈ ಹಾಕಿದ್ರಾ?”

“ನನ್ನ ಹೆಸರಿಗೋಸ್ಕರ ಹೇಳ್ತಿಲ್ಲಮ್ಮ! ನಾಳೆ ನಿನಗೇ ತೊಂದರೆ ಆಗತ್ತೆ ಅಂತ...”

“ತೋರಿಸಿ ಹಾಗಾದ್ರೆ. ಯಾವುದರಲ್ಲಿ ಕಲಿಸಿದ್ರಿ?”

ತೋರಿಸಲು ಹಾಳೆ ಎಲ್ಲಿದೆ? ಬೂದಿಯಾಗಿತ್ತು. “ಅವಳನ್ನೇ ಕೇಳು” ಎಂದಳು ಅಜ್ಜಿ.

ಸೊಸೆ ಮಗಳ ಮುಂದೆ ಮಂಡಿಯೂರಿ ಕೂತಳು. “ನಿಜ ಹೇಳು ಪುಟ್ಟ. ಅಜ್ಜಿ ನಿನಗೆ ಟೈಪಿಂಗ್ ಹೇಳಿಕೊಟ್ಟಿದ್ರಾ?”

ಕಡ್ಡಿ ಒಮ್ಮೆ ಅಜ್ಜಿಯನ್ನು ನೋಡಿದಳು, ಒಮ್ಮೆ ಅಮ್ಮನ ಇಸ್ತ್ರಿ ಬಟ್ಟೆಯನ್ನು. ಆಮೇಲೆ ಅಮ್ಮನ ಕಣ್ಣಲ್ಲಿ ಕಣ್ಣಿಟ್ಟು, ನಗದೆ, ನೆಲ ನೋಡದೆ ಹೇಳಿದಳು:

“ಅಜ್ಜಿ ಏನೂ ಹೇಳಿಕೊಟ್ಟಿಲ್ಲ.”

ಅಜ್ಜಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಬೇರೆ ಏನು ಮಾಡಲು ಸಾಧ್ಯವಿತ್ತು? ಅಮ್ಮ ಮಗಳು ಇಬ್ಬರೂ ಮೆಟ್ಟಿಲಿಳಿದು ಹೋದರು. ತಟ್ಟೆಯಲ್ಲಿ ಅರ್ಧ ಬ್ರೆಡ್ ಹಾಗೇ ಇತ್ತು.

ಆ ದಿನ ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಅಜ್ಜಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಮೂರು ಸಲ ಫೋನ್ ಬಂತು, ಮೂರೂ ಮಗನದು. “ಏನಾದ್ರೂ ತಿಳೀತಾ?” ಎಂದು ಅವನು ಕೇಳುವುದು, “ಇಲ್ಲ” ಎಂದು ಇವಳು ಹೇಳುವುದು. ಮೂರೂವರೆಗೆ ಕಡ್ಡಿ ಬರಲಿಲ್ಲ. ಐದೂವರೆಗೂ ಯಾರೂ ಬರಲಿಲ್ಲ. ಆರಕ್ಕೆ ಇಬ್ಬರೂ ಒಟ್ಟಿಗೆ ಬಂದರು. ಕಡ್ಡಿಯ ಕಣ್ಣು ಕೆಂಪಾಗಿತ್ತು, ಸೀದಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೊಸೆ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಳು.

“ರಸ್ತೆ ದಾಟೋ ಹತ್ರ ನಿಂತುಬಿಟ್ಲು” ಎಂದಳು. “ಕೈ ಎಳೆದ್ರೂ ಬರ್ಲಿಲ್ಲ. ಫುಟ್‌ಪಾತ್ ಮೇಲೇ ವಾಂತಿ ಮಾಡ್ಕೊಂಡ್ಲು. ಆಮೇಲೆ ಎಲ್ಲಾ ಹೇಳಿದ್ಲು. ಕ್ಯಾಲೆಂಡರು, ಪಾತ್ರೆ ಒರೆಸೋ ಬಟ್ಟೆ, ಎಲ್ಲಾ.”

ಅಜ್ಜಿ ಕೇಳಿದಳು: “ಸಭೆ?”

“ಮೂರನೇ ಕ್ಲಾಸಿನ ಒಂದು ಹುಡುಗೀನ ಕರೆಸಿ ನಮ್ಮ ಲ್ಯಾಪ್‌ಟಾಪಲ್ಲೇ ಕಪ್ಪೆ ಮುಂದೆ ಕೂರಿಸಿದೆ. ಹತ್ತು ನಿಮಿಷ, ಎಲ್ಲರ ಎದುರಿಗೆ. ಹನ್ನೊಂದು ಸಲ ಅದನ್ನ ನೀರಿಗೆ ಹಾಕಿದ್ಲು, ಕೇಕೆ ಹಾಕಿಕೊಂಡು. ಎಲ್ಲರೂ ನಕ್ಕರು. ಹೆಡ್‌ಮಿಸ್ ನಗಲಿಲ್ಲ. ಒಂದೇ ಮಗೂನ ನಂಬಿ ಬರೆದ ವರದಿ ಇದು, ಅದೂ ನನ್ನ ಮಗಳು, ವಾಪಸ್ ತಗೋತೀನಿ ಅಂದೆ. ಹೊಸ ಕಂಪ್ಯೂಟರ್ ಬಂದ ಮೇಲೆ ಒಂದು ಇಡೀ ಕ್ಲಾಸಿಗೆ ಕೂರಿಸಿ ಮೂರನ್ನೂ ನೋಡಬೇಕಂತೆ.”

“ಮತ್ತೆ ನಿನ್ನ ಕಾಗದ?”

“ಫೈಲಿಂದ ಹೊರಗೇ ಬರ್ಲಿಲ್ಲ.” ಸೊಸೆ ತುಟಿ ಕಚ್ಚಿದಳು. “ಮುಂದಿನ ವರ್ಷ ನೋಡೋಣ ಅಂದ್ರು.”

ಅಜ್ಜಿ ನೆಲದ ಮೇಲೇ ಕೂತುಬಿಟ್ಟಳು. “ಬಯ್ಯಿ ಕಣಮ್ಮ. ಎಷ್ಟು ಬೇಕಾದ್ರೂ ಬಯ್ಯಿ. ನಿನ್ನ ಅನ್ನಕ್ಕೆ ಮಣ್ಣು ಹಾಕಿದೆ ನಾನು.”

“ಕೆಲಸದ ಮಾತು ಬಿಡಿ. ಐದು ವರ್ಷ ಕಾದಿದ್ದೀನಿ, ಆರನೇದೂ ಕಾಯ್ತೀನಿ.” ಸೊಸೆಯ ದನಿ ಸಣ್ಣದಾಯಿತು. “ಅತ್ತೆ, ಅವಳು ನನ್ನ ಕಣ್ಣು ನೋಡಿಕೊಂಡು ಹೇಳಿದ್ಲು. ರೆಪ್ಪೆ ಕೂಡ ಅಲ್ಲಾಡಲಿಲ್ಲ. ಮೊದಲೆಲ್ಲ ಒಂದು ಬಿಸ್ಕತ್ತು ಕದ್ದರೂ ಮುಖ ಕೆಂಪಾಗ್ತಿತ್ತು. ಅದನ್ನ ಅವಳಿಗೆ ಯಾರು ಹೇಳಿಕೊಟ್ರು?”

“ನಾನೇ” ಎಂದಳು ಅಜ್ಜಿ.

“ಚೆನ್ನಾಗಿ ಕಲಿಸಿದ್ದೀರಿ” ಎಂದು ಸೊಸೆ ಎದ್ದು ಚಪ್ಪಲಿ ಬಿಡಲು ಹೋದಳು. ಕೊಂಕಿಗೆ ಹೇಳಿದ ಮಾತಲ್ಲ ಅದು, ಸುಸ್ತಾದವಳ ಮಾತು. ಅದಕ್ಕೇ ಅಜ್ಜಿಗೆ ಇನ್ನಷ್ಟು ನಾಟಿತು.

ಮರುದಿನ ಶನಿವಾರ. ಫ್ರಿಜ್ಜಿನ ಮೇಲೆ ಹಾಳೆ ಇರಲಿಲ್ಲ, ಅಂಟು ಹಾಕಿದ ಗುರುತು ಮಾತ್ರ ಇತ್ತು. ಮಗ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದ. ಸೊಸೆ ಮೊಟ್ಟೆ ಬೇಯಿಸುತ್ತಿದ್ದಳು, ಅತ್ತೆಯ ತಟ್ಟೆಗೂ ಒಂದು ಹಾಕಿದಳು. ಕಡ್ಡಿ ಎದ್ದು ಬಂದು ಮೇಜಿಗೆ ಕೂತಳು.

“ಹಲ್ಲುಜ್ಜಿದ್ಯಾ?” ಎಂದಳು ಅಮ್ಮ.

“ಉಜ್ಜಿದೆ” ಎಂದಳು ಕಡ್ಡಿ, ಅಮ್ಮನನ್ನು ನೆಟ್ಟಗೆ ನೋಡುತ್ತಾ.

ಸೊಸೆಯ ಸೌಟು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಆಡಿತು.

ಅಜ್ಜಿ ತಟ್ಟೆ ಬಿಟ್ಟು ಎದ್ದಳು. ಬಚ್ಚಲುಮನೆಗೆ ಹೋಗಿ, ಲೋಟದಲ್ಲಿದ್ದ ನಾಲ್ಕು ಬ್ರಷ್ಷುಗಳಲ್ಲಿ ಚಿಕ್ಕದನ್ನು ತೆಗೆದು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ಒದ್ದೆಯಾಗಿತ್ತು. ಥೂ, ನನ್ನ ಜನ್ಮಕ್ಕಿಷ್ಟು, ಒಂಬತ್ತು ವರ್ಷದಲ್ಲಿ ಒಂದು ದಿನವೂ ಈ ಮಗುವಿನ ಮಾತನ್ನು ಒರೆಗೆ ಹಚ್ಚಿರಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಬ್ರಷ್ಷನ್ನು ಲೋಟದಲ್ಲಿಟ್ಟು ತಿರುಗಿದರೆ ಬಾಗಿಲಲ್ಲಿ ಕಡ್ಡಿ ನಿಂತಿದ್ದಳು.

“ಏನು ನೋಡ್ತಿದ್ದೆ ಅಜ್ಜಿ?”

“ಏನೂ ಇಲ್ಲ ಕಣೆ” ಎಂದಳು ಅಜ್ಜಿ, ಮೊಮ್ಮಗಳ ಕಣ್ಣನ್ನೇ ನೋಡುತ್ತಾ. “ಪೇಸ್ಟ್ ಮುಗೀತಾ ಅಂತ ನೋಡಿದೆ.”